ಕೂಸು ಎತ್ತುವ ಮುಂಚಿನ ಎರಡು ಸೆಕೆಂಡು: ಟೊಂಕ, ಮಣಿಕಟ್ಟು ಉಳಿಸಿಕೊಳ್ಳುವುದು ಹೇಗೆ?

"ಕೂಸು ಎತ್ತಿ ಎತ್ತಿ ಟೊಂಕ ಹಿಡಕೊಂಡೈತ್ರಿ, ಏನ್ ಮಾಡೋದು?"

ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ತಾಯಿ ಕೇಳುತ್ತಾಳೆ. ಸೊಸೆ ಕೆಲಸಕ್ಕೆ ಹೋದ ಮೇಲೆ ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿ ಕೇಳುತ್ತಾರೆ. ಅಂಗನವಾಡಿ ಸಹಾಯಕಿಯರು ಕೇಳುತ್ತಾರೆ. ಗ್ರಾಮ ಪಂಚಾಯತಿಯ ಕೂಸಿನ ಮನೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಿಮಗೂ ಆಯಿತು, ಮನೆಯಲ್ಲಿ ಕೂಸು ಎತ್ತುವ ಉಳಿದವರಿಗೆ ಕಲಿಸಲಿಕ್ಕೂ ಆಯಿತು.

ಮೊದಲೇ ಒಂದು ಮಾತು. ಭಾರ ಎತ್ತುವುದು ನಿಮಗೆ ಗೊತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ತುಂಬಿದ ಕೊಡ ಎತ್ತುವಾಗ ನಿಮ್ಮನ್ನೇ ನೀವು ಗಮನಿಸಿ. ಕೊಡದ ಹತ್ತಿರ ಹೋಗುತ್ತೀರಿ, ಮಂಡಿ ಮಡಚುತ್ತೀರಿ, ಕೊಡವನ್ನು ಮೊದಲು ತೊಡೆಗೆ ಆನಿಸಿಕೊಳ್ಳುತ್ತೀರಿ, ಆಮೇಲೆ ಟೊಂಕಕ್ಕೆ ಏರಿಸುತ್ತೀರಿ. ಅಮರಗೋಳದ ಎಪಿಎಂಸಿಗೆ ಹೋಗಿ ನೋಡಿ, ಹಮಾಲರು ಚೀಲವನ್ನು ಮೈಗೆ ಒತ್ತಿಕೊಂಡೇ ಹೊರುತ್ತಾರೆ, ಕೈ ಚಾಚಿ ಅಲ್ಲ. ಕೂಸಿನ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಇದೆಲ್ಲ ಮರೆತುಹೋಗುತ್ತದೆ. ಯಾಕೆಂದರೆ ಕೊಡ ಅಳುವುದಿಲ್ಲ, ಕೂಸು ಅಳುತ್ತದೆ. ಅಳು ಕೇಳಿದ ಕೂಡಲೇ ನಿಂತಲ್ಲಿಂದಲೇ ಬಾಗಿ, ಕೈ ಚಾಚಿ, ಮೈ ತಿರುಚಿ ಬಾಚಿಕೊಳ್ಳುತ್ತೇವೆ. ನನ್ನ ಹತ್ತಿರ ಬರುವ ಎಷ್ಟೋ ನೋವು ಅಲ್ಲೇ ಶುರುವಾಗಿರುತ್ತದೆ. ಹಾಗಾಗಿ ಎತ್ತುವ ಮುಂಚೆ ಎರಡು ಸೆಕೆಂಡು ನಿಲ್ಲಿ. ಆ ಎರಡು ಸೆಕೆಂಡಿನಲ್ಲಿ ಕಾಲು ಸರಿಯಾದ ಜಾಗಕ್ಕೆ ಬರಬೇಕು.

ಇಷ್ಟು ಸಣ್ಣ ಕೂಸಿನಿಂದ ಇಷ್ಟು ನೋವು ಯಾಕೆ?

ಹುಟ್ಟಿದಾಗ 3 ಕಿಲೋ ಆಸುಪಾಸು ಇದ್ದ ಕೂಸು ವರ್ಷಕ್ಕೆ ಸುಮಾರು 9 ಕಿಲೋ ಆಗುತ್ತದೆ. ಎರಡು ವರ್ಷಕ್ಕೆ 12, ಮೂರಕ್ಕೆ 14ರ ಹತ್ತಿರ. ಒಂದು ದಿನ ಎಷ್ಟು ಸಲ ಎತ್ತುತ್ತೀರಿ ಅಂತ ಎಣಿಸಿ ನೋಡಿ. 9 ಕಿಲೋ ಕೂಸನ್ನು 40 ಸಲ ಎತ್ತಿದರೆ 360 ಕಿಲೋ ಆಯಿತು, ಅಂದರೆ ಮೂರೂವರೆ ಕ್ವಿಂಟಲ್‌ಗೂ ಜಾಸ್ತಿ.

ತೂಕಕ್ಕಿಂತ ದೊಡ್ಡ ವಿಷಯ ದೂರ. ಕೂಸು ನಿಮ್ಮ ಬೆನ್ನುಮೂಳೆಯಿಂದ 20 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದು ಲೆಕ್ಕ. ಕೈ ಚಾಚಿ 50 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದೇ ಕೂಸು ಟೊಂಕವನ್ನು ಎರಡೂವರೆ ಪಟ್ಟು ಜಾಸ್ತಿ ಜಗ್ಗುತ್ತದೆ. ಸಾಲದ್ದಕ್ಕೆ, ಬಾಗಿದಾಗ ನಿಮ್ಮ ತಲೆ, ಎದೆ, ತೋಳಿನ ಭಾರವೂ ಸೇರಿಕೊಳ್ಳುತ್ತದೆ.

ಡಿಸ್ಕ್ ಅನ್ನುವ ಮಾತು ಕೇಳಿರುತ್ತೀರಿ. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತನೆಯ ಗಾದಿ ಅದು. ರಾತ್ರಿ ಮಲಗಿದಾಗ ಅದು ನೀರು ಹೀರಿಕೊಂಡು ಉಬ್ಬಿರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಪೂರ್ತಿ ಬಾಗಿದರೆ ಅದರ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ. ಎದ್ದ ಮೇಲೆ ಮೊದಲ ಒಂದು ತಾಸು ಹೆಚ್ಚು ಬಾಗಬೇಡಿ. ಕೂಸು ಎತ್ತಲೇಬೇಕಾದರೆ ಮಂಡಿಯೂರಿ ಎತ್ತಿ.

ಹಾಗಂತ ಬೆನ್ನನ್ನು ಗಾಜಿನ ಸಾಮಾನಿನಂತೆ ಕಾಯಬೇಕಿಲ್ಲ. ಬೆನ್ನು ಗಟ್ಟಿಯಾದದ್ದು, ಬಾಗಲಿಕ್ಕೆಂದೇ ಇರುವುದು. "ಬೆನ್ನು ಕಡ್ಡಿ ಹಾಗೆ ನೆಟ್ಟಗಿರಲಿ" ಅಂತ ನಾನು ಯಾರಿಗೂ ಹೇಳುವುದಿಲ್ಲ. ಭಾರ ಮೈಗೆ ಹತ್ತಿರ ಇರಬೇಕು, ಭಾರ ಹಿಡಿದು ಮೈ ತಿರುಚಬಾರದು, ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಇರಬಾರದು. ಈ ಮೂರೇ ಮುಖ್ಯ.

ಬೇಕಾಗುವ ಸಾಮಾನು

ಒಂದು ಗಟ್ಟಿ ದಿಂಬಿನ ಚೀಲ, ಅದರಲ್ಲಿ 5 ಕಿಲೋ ಜೋಳ, ಬಾಯಿ ಬಿಗಿಯಾಗಿ ಕಟ್ಟಿದ್ದು. ಒಂದು ಮಣೆ. ಒಂದೆರಡು ಒಣ ಟವೆಲ್. ಕಾಲಿಗೆ ತೊಡರದ ಬಟ್ಟೆ: ಸೀರೆ ಉಟ್ಟಿದ್ದರೆ ಸೆರಗು ಸಿಕ್ಕಿಸಿಕೊಳ್ಳಿ, ಉದ್ದನೆಯ ನೈಟಿ ತುಳಿದು ಕೂಸಿನ ಸಮೇತ ಬಿದ್ದವರನ್ನು ನೋಡಿದ್ದೇನೆ.

1. ಮೊದಲು ಜೋಳದ ಗಂಟು

ಕೂಸಿನ ಮೇಲೆ ಕಲಿಯಬೇಡಿ. ಎರಡು ಮೂರು ದಿನ, ದಿನಕ್ಕೆ ಹತ್ತು ಸಲ ಜೋಳದ ಗಂಟನ್ನು ನೆಲದಿಂದ ಎತ್ತಿ ಇಳಿಸಿ. ಗಂಟಿಗೆ ಆಕಾರ ಇಲ್ಲ, ಹಿಡಿದಲ್ಲಿ ಜಾರುತ್ತದೆ, ಕೂಸೂ ಹಾಗೆಯೇ. ಅದಕ್ಕೇ ಡಬ್ಬಿಗಿಂತ ಇದು ಒಳ್ಳೆಯದು.

2. ನೆಲದಿಂದ ಎತ್ತುವುದು

ಇದೊಂದನ್ನು ಸಾವಕಾಶವಾಗಿ ಓದಿ, ಓದುತ್ತಾ ಮಾಡಿ.

ಕೂಸಿನ ಪಕ್ಕಕ್ಕೇ ಹೋಗಿ ನಿಲ್ಲಿ. ನಿಮ್ಮ ಪಾದಕ್ಕೂ ಕೂಸಿಗೂ ನಡುವೆ ಒಂದು ಗೇಣಿಗಿಂತ ಜಾಸ್ತಿ ಜಾಗ ಇರಬಾರದು. ಒಂದು ಪಾದ ಮುಂದೆ, ಒಂದು ಹಿಂದೆ. ಹಿಂದಿನ ಕಾಲಿನ ಮಂಡಿಯನ್ನು ನೆಲಕ್ಕೆ ಊರಿ. ಮುಂದಿನ ಕಾಲು ಮಡಚಿ ನಿಂತಿರುತ್ತದೆ, ಅದರ ತೊಡೆ ಈಗ ಒಂದು ಸಣ್ಣ ಕಟ್ಟೆ ಇದ್ದ ಹಾಗೆ.

ಕೂಸನ್ನು ನಿಮ್ಮ ಕಡೆ ಎಳೆದುಕೊಳ್ಳಿ. ನೇರ ಎದೆಗೆ ಎತ್ತಬೇಡಿ. ಮೊದಲು ಆ ತೊಡೆಯ ಮೇಲೆ ಕೂರಿಸಿ. ಒಂದು ಕೈ ಕುಂಡಿಯ ಕೆಳಗೆ, ಇನ್ನೊಂದು ಬೆನ್ನಿಗೆ. ಎದೆಗೆ ಅಪ್ಪಿಕೊಳ್ಳಿ. ಈಗ ಉಸಿರು ಬಿಡುತ್ತಾ, ಮುಂದಿನ ಪಾದದಿಂದ ನೆಲ ಒತ್ತಿ ಏಳಿ. ಉಸಿರು ಬಿಗಿಹಿಡಿದು ಏಳುವುದು ತುಂಬ ಜನ ಮಾಡುವ ತಪ್ಪು. ಉಸಿರು ಹಿಡಿದಾಗ ಹೊಟ್ಟೆಯೊಳಗಿನ ಒತ್ತಡ ಕೆಳಕ್ಕೆ ಬೀಳುತ್ತದೆ, ಹೆರಿಗೆಯಾದವರಿಗೆ ಇದು ಒಳ್ಳೆಯದಲ್ಲ.

ಎದ್ದ ಮೇಲೆ ತಿರುಗಬೇಕಾದರೆ ಪಾದ ಎತ್ತಿಟ್ಟು ತಿರುಗಿ. ಪಾದ ಒಂದು ಕಡೆ, ಭುಜ ಇನ್ನೊಂದು ಕಡೆ ಆದರೆ ಟೊಂಕ ತಿರುಚುತ್ತದೆ. "ಹಗುರ ಕೂಸು, ಏನಾಗಲ್ಲ" ಅಂತ ಅಂದುಕೊಳ್ಳುವುದು ಇಲ್ಲಿಯೇ.

ಮೂರು ನಾಲ್ಕು ತಿಂಗಳೊಳಗಿನ ಕೂಸಾದರೆ ಕುತ್ತಿಗೆ ಇನ್ನೂ ನಿಂತಿರುವುದಿಲ್ಲ. ಒಂದು ಅಂಗೈ ತಲೆ-ಕುತ್ತಿಗೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ ಜಾರಿಸಿ. ನಿಮ್ಮ ಎದೆಯನ್ನು ಕೂಸಿನ ಹತ್ತಿರಕ್ಕೆ ಒಯ್ಯಿರಿ, ಆಮೇಲೆ ಇಬ್ಬರೂ ಒಟ್ಟಿಗೆ ಏಳಿ.

ಮಂಡಿ ನೋವಿರುವ ಅಜ್ಜಿಯರಿಗೆ ಮಂಡಿಯೂರುವುದು ಆಗುವುದಿಲ್ಲ, ಅಲ್ವಾ? ನೀವು ಕುರ್ಚಿ ಅಥವಾ ಮಂಚದ ಮೇಲೆ ಕೂರಿ. ನಡೆಯುವ ಕೂಸನ್ನು ಹತ್ತಿರ ಕರೆದು, ನಿಮ್ಮ ಕಾಲು ಹಿಡಿದು ತಾನೇ ಹತ್ತಲಿಕ್ಕೆ ಬಿಡಿ. ಕೆಳಗಿನಿಂದ ಸ್ವಲ್ಪ ಆಸರೆ ಕೊಟ್ಟರೆ ಸಾಕು. ಎರಡು ವರ್ಷದ ಕೂಸು "ಎತ್ತಿಕೋ" ಅಂತ ಕೈ ಚಾಚಿದಾಗ ಅದಕ್ಕೆ ಬೇಕಿರುವುದು ಎತ್ತರವಲ್ಲ, ಅಪ್ಪುಗೆ. ಕೂತು ಅಪ್ಪಿಕೊಂಡರೂ ಅರ್ಧ ಸಲ ಸಮಾಧಾನವಾಗುತ್ತದೆ.

3. ಇಳಿಸುವುದು

ಎತ್ತಿದ ದಾರಿಯಲ್ಲೇ ವಾಪಸ್. ತೊಡೆ, ಆಮೇಲೆ ನೆಲ. ಮಲಗಿದ ಕೂಸು ಎಚ್ಚರವಾಗದಿರಲಿ ಅಂತ ಕೈ ಚಾಚಿ ಮೆಲ್ಲಗೆ ಇಳಿಸುತ್ತೇವಲ್ಲ, ಆಗ ಟೊಂಕಕ್ಕೆ ಎತ್ತುವಾಗಿನದಕ್ಕಿಂತ ಜಾಸ್ತಿ ಹೊತ್ತು ಭಾರ ಬೀಳುತ್ತದೆ. ಹಾಸಿಗೆಗೆ ನಿಮ್ಮ ಮಂಡಿ ಊರಿ, ಕೂಸಿನ ಜೊತೆ ನೀವೂ ಬಾಗಿ, ಕೂಸು ಹಾಸಿಗೆಗೆ ತಾಗಿದ ಮೇಲೆ ಕೈ ಬಿಡಿಸಿಕೊಳ್ಳಿ.

4. ಹೆಬ್ಬೆರಳು ಎಲ್ಲಿದೆ ನೋಡಿ

ಟೊಂಕದ ನಂತರ ಜಾಸ್ತಿ ಕೇಳುವ ನೋವು ಮಣಿಕಟ್ಟಿನದು, ಅದೂ ಹೆಬ್ಬೆರಳಿನ ಕಡೆ. ಕೂಸಿನ ಎರಡೂ ಕಂಕುಳಲ್ಲಿ ಕೈ ಹಾಕಿ, ಹೆಬ್ಬೆರಳನ್ನು ಉಳಿದ ಬೆರಳುಗಳಿಂದ ಅಗಲಿಸಿ ಎತ್ತುವುದರಿಂದ ಇದು ಬರುತ್ತದೆ. ಹೆಬ್ಬೆರಳನ್ನು ಆಡಿಸುವ ನರದಂಥ ಹುರಿಗಳು ಮಣಿಕಟ್ಟಿನ ಹತ್ತಿರ ಒಂದು ಕಿರಿದಾದ ಕೊಳವೆಯೊಳಗೆ ಹಾದುಹೋಗುತ್ತವೆ. ಪದೇ ಪದೇ ಜಗ್ಗಿದರೆ ಆ ಕೊಳವೆ ದಪ್ಪಗಾಗಿ ಹುರಿ ಉಜ್ಜುತ್ತದೆ. ಡಾಕ್ಟರು ಚೀಟಿಯಲ್ಲಿ ಡಿ ಕ್ವರ್ವೇನ್ ಅಂತ ಬರೆದಿದ್ದರೆ ಅದು ಇದೇ.

ಪರಿಹಾರ ಸರಳ. ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಪಕ್ಕಕ್ಕೇ ಅಂಟಿಕೊಂಡಿರಲಿ. ಅಂಗೈ ಮೇಲ್ಮುಖವಾಗಿ, ಮೊರದಲ್ಲಿ ಜೋಳ ತುಂಬಿಕೊಳ್ಳುವ ಹಾಗೆ ಕೆಳಗಿನಿಂದ ಬಾಚಿಕೊಳ್ಳಿ. ಹಾಲು ಕುಡಿಸುವಾಗ ಕೂಸಿನ ತಲೆಯ ಭಾರ ಮಣಿಕಟ್ಟಿನ ಮೇಲೆ ಬೀಳಬಾರದು, ಮುಂಗೈಯ ಮೇಲೆ ಅಥವಾ ದಿಂಬಿನ ಮೇಲೆ ಬೀಳಲಿ. ನೋವು ಶುರುವಾಗಿದ್ದರೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬೇಡಿ. ಹೆಬ್ಬೆರಳಿಗೆ ವಿಶ್ರಾಂತಿ ಕೊಡುವ ಪಟ್ಟಿ ಸಿಗುತ್ತದೆ, ಫಿಸಿಯೋಥೆರಪಿಸ್ಟರನ್ನು ಕೇಳಿ.

5. ತೊಟ್ಟಿಲು ಮತ್ತು ಜೋಳಿಗೆ

ನಮ್ಮ ಕಡೆ ಕಲಘಟಗಿಯ ಬಣ್ಣದ ತೊಟ್ಟಿಲು ಮನೆಯಿಂದ ಮನೆಗೆ, ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಚೆಂದದ ಸಾಮಾನು. ಆದರೆ ಅದರ ಪಕ್ಕದ ಹಲಗೆಗಳು ಎತ್ತರ. ತುಂಬ ಕೆಳಗೆ ತೂಗುಹಾಕಿದರೆ ಪ್ರತಿ ಸಲವೂ ಹಲಗೆ ದಾಟಿ ಬಾಗಬೇಕು, ಬೆನ್ನಿಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ. ತೊಟ್ಟಿಲಿನ ಮೇಲಂಚು ನಿಮ್ಮ ಹೊಕ್ಕಳಿನ ಮಟ್ಟಕ್ಕೆ ಬರುವಂತೆ ಸರಪಳಿ ಅಥವಾ ಹಗ್ಗ ಗಿಡ್ಡ ಮಾಡಿ. ಮನೆಯಲ್ಲಿ ಜಾಸ್ತಿ ಎತ್ತುವವರು ಯಾರೋ ಅವರ ಎತ್ತರ ಲೆಕ್ಕಕ್ಕೆ ಬರಲಿ, ಕಟ್ಟುವ ಗಂಡಸರದ್ದಲ್ಲ.

ಎತ್ತುವ ಮುಂಚೆ ತೊಟ್ಟಿಲು ನಿಲ್ಲಿಸಿ. ನಿಮ್ಮ ತೊಡೆಯನ್ನು ತೊಟ್ಟಿಲಿಗೆ ಒತ್ತಿ ನಿಂತರೆ ಅಲ್ಲಾಡುವುದಿಲ್ಲ. ಕೂಸನ್ನು ನಿಮ್ಮ ಕಡೆಯ ಅಂಚಿಗೆ ಸರಿಸಿಕೊಂಡು ಆಮೇಲೆ ಎತ್ತಿ.

ಒಂದು ಎಚ್ಚರಿಕೆ. ಕೂಸು ಮಗುಚಿ, ಅಂಚು ಹಿಡಿದು ಏಳಲಿಕ್ಕೆ ನೋಡುತ್ತಿದೆ ಅಂದರೆ ಎತ್ತರದ ತೊಟ್ಟಿಲಿನ ಕಾಲ ಮುಗಿಯಿತು. ಇನ್ನು ನೆಲದ ಹಾಸಿಗೆ.

ಸೀರೆಯ ಜೋಳಿಗೆ ಕಟ್ಟುವವರಿಗೆ ಬೇರೆ ತೊಂದರೆ. ಕೂಸು ಬೆಳೆದಂತೆ ಸೀರೆ ಜಗ್ಗಿ ಜೋಳಿಗೆ ಕೆಳಗಿಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಿ, ಗಂಟು ಮತ್ತು ಬಟ್ಟೆ ಸವೆದಿದೆಯೋ ನೋಡಿ.

6. ಎರೆಯುವಾಗ

ಕೂಸಿಗೆ ಎರೆಯುವ ಅಜ್ಜಿಯರನ್ನು ಕಂಡರೆ ನನಗೆ ಗೌರವ. ಬಚ್ಚಲ ನೆಲದಲ್ಲಿ ಕಾಲು ಚಾಚಿ ಕೂತು, ಮೊಳಕಾಲ ಮೇಲೆ ಕೂಸನ್ನು ಹಾಕಿಕೊಂಡು, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಕೂಸು. ಆದರೆ ಕಾಲು ನೆಟ್ಟಗೆ ಚಾಚಿ ಮುಂದೆ ಬಾಗಿದಾಗ ತೊಡೆಯ ಹಿಂದಿನ ಸ್ನಾಯುಗಳು ಬಿಗಿದು ಟೊಂಕವನ್ನು ಗುಂಡಗೆ ಎಳೆಯುತ್ತವೆ. ಅದೇ ಭಂಗಿಯಲ್ಲಿ ಕಾಲು ತಾಸು ಕೂತು, ಜಾರುವ ಕೂಸನ್ನು ಹಿಡಿದು ಏಳಬೇಕು. ಅಜ್ಜಿಯರ ಟೊಂಕನೋವಿಗೆ ಇದು ದೊಡ್ಡ ಕಾರಣ.

ರೀತಿ ಬಿಡಬೇಕಿಲ್ಲ, ನಾಲ್ಕು ಬದಲಾವಣೆ ಸಾಕು. ಬರಿ ನೆಲದ ಬದಲು ಮಣೆಯ ಮೇಲೆ ಕೂರಿ. ಬೆನ್ನು ಗೋಡೆಗೆ ಆನಿಸಿ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಕಾಲು ಸ್ವಲ್ಪ ಮಡಚಿ. ಬಕೆಟ್ಟು ನಿಮ್ಮ ಹಿಂದೆ ಬೇಡ, ನೀರು ಹಾಕುವ ಕೈಯ ಕಡೆ, ಮಂಡಿಯ ಪಕ್ಕದಲ್ಲೇ ಇರಲಿ. ಹಿಂದೆ ಇದ್ದರೆ ತಂಬಿಗೆ ತುಂಬಿದಷ್ಟೂ ಸಲ ಮೈ ತಿರುಚುತ್ತೀರಿ.

ಎರೆದಾದ ಮೇಲೆ ಕೂಸನ್ನು ಹಿಡಿದು ನೀವು ಏಳಬಾರದು. ಎಣ್ಣೆ ಮೈ, ಒದ್ದೆ ನೆಲ, ಮರಗಟ್ಟಿದ ಕಾಲು, ಮೂರೂ ಒಟ್ಟಿಗೆ ಇವೆ. ಇನ್ನೊಬ್ಬರು ಒಣ ಟವೆಲ್ ಹಿಡಿದು ನಿಮ್ಮ ಮುಂದೆ ಮಂಡಿಯೂರಿ ಕೂಸನ್ನು ತೆಗೆದುಕೊಳ್ಳಲಿ. ಮನೆಯಲ್ಲಿ ಒಬ್ಬರೇ ಇದ್ದರೆ ಮೊದಲೇ ಪಕ್ಕದ ಒಣ ಜಾಗದಲ್ಲಿ ಟವೆಲ್ ಹಾಸಿಡಿ. ಕೂಸನ್ನು ಅದರಲ್ಲಿ ಸುತ್ತಿ ಅಲ್ಲೇ ಮಲಗಿಸಿ, ನೀವು ಗೋಡೆ ಹಿಡಿದು ಎದ್ದು, ಕಾಲು ಒರೆಸಿಕೊಂಡು, ಆಮೇಲೆ ಎರಡನೇ ಹಂತದಲ್ಲಿ ಹೇಳಿದ ಹಾಗೆ ಎತ್ತಿ.

7. ಹೊತ್ತು ನಡೆಯುವಾಗ

ಕೂಸನ್ನು ಟೊಂಕದ ಮೇಲೆ ಕೂರಿಸಿಕೊಳ್ಳುವುದು ಕೂಸಿನ ಮಟ್ಟಿಗೆ ಒಳ್ಳೆಯದೇ. ಕಾಲು ಅಗಲಿಸಿ ಕೂತಾಗ ತೊಡೆಯ ಕೀಲು ಸರಿಯಾದ ಜಾಗದಲ್ಲಿರುತ್ತದೆ. ತೊಂದರೆ ಇರುವುದು ಹೊತ್ತವರಿಗೆ. ನಾವು ಟೊಂಕವನ್ನು ಒಂದು ಕಡೆ ಹೊರಗೆ ತಳ್ಳಿ ಅದನ್ನೇ ಪೀಠ ಮಾಡಿಕೊಳ್ಳುತ್ತೇವೆ, ಅದೂ ಯಾವಾಗಲೂ ಎಡಗಡೆಯೇ, ಬಲಗೈಗೆ ಕೆಲಸ ಇರುತ್ತದಲ್ಲ. ಎರಡೂ ಪಾದದ ಮೇಲೆ ಸಮ ಭಾರ ಹಾಕಿ ನಿಲ್ಲಿ. ಹತ್ತು ನಿಮಿಷಕ್ಕೊಮ್ಮೆ ಕಡೆ ಬದಲಿಸಿ. ಬಲಗಡೆ ಮೊದಮೊದಲು ಒಗ್ಗುವುದಿಲ್ಲ, ಒಂದು ವಾರದಲ್ಲಿ ರೂಢಿಯಾಗುತ್ತದೆ. ಒಂದು ಕೈಯಲ್ಲಿ ಕೂಸು ಹಿಡಿದು ಒಲೆಯ ಮುಂದೆ ನಿಲ್ಲಬೇಡಿ, ಇದು ಬೆನ್ನಿನ ಮಾತಲ್ಲ, ಸುಡುವ ಮಾತು.

ಬಸ್ಸಿನಲ್ಲಿ: ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡುವವರಿಗೆ ಚಿಗರಿ ಬಸ್ಸು ಅನುಕೂಲ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ. ಉಳಿದ ಬಸ್ಸುಗಳ ಮೊದಲ ಮೆಟ್ಟಿಲು ಎತ್ತರ. ಕೂಸು ಒಂದು ಕೈಯಲ್ಲಿ, ಚೀಲ ಇನ್ನೊಂದರಲ್ಲಿ ಹಿಡಿದು ಹತ್ತಲೇಬೇಡಿ. ಮೊದಲು ಚೀಲ ಮೇಲಿಡಿ ಅಥವಾ ಹಿಂದಿನವರಿಗೆ ಕೊಡಿ, ಒಂದು ಕೈ ಕಂಬಕ್ಕೇ ಇರಲಿ. ದುರ್ಗದ ಬೈಲಿನಲ್ಲಿ ಸಂತೆ ಮಾಡುವ ದಿನ ಕೈಚೀಲದ ಬದಲು ಬೆನ್ನಿಗೆ ಹಾಕುವ ಚೀಲ ಒಯ್ಯಿರಿ.

ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಕೊಳ್ಳುವವರು ಇಷ್ಟು ನೋಡಿ: ಕೂಸಿನ ಮುಖ ಸದಾ ನಿಮಗೆ ಕಾಣಬೇಕು, ನೀವು ತಲೆ ಬಗ್ಗಿಸಿದರೆ ಅದರ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು, ಗದ್ದ ಎದೆಗೆ ಒತ್ತಿರಬಾರದು, ಮೂಗು ಬಟ್ಟೆಗೆ ತಾಗಬಾರದು. ಕ್ಯಾರಿಯರ್ ಕೆಳಗೆ ಜೋತುಬಿದ್ದರೆ ಕೂಸಿಗೂ ಅಪಾಯ, ನಿಮ್ಮ ಟೊಂಕಕ್ಕೂ ಭಾರ.

ಕೈ ಹಿಡಿದು ಜಗ್ಗಬೇಡಿ

ಇದನ್ನು ದಯವಿಟ್ಟು ಮನೆಯವರೆಲ್ಲರಿಗೂ ಹೇಳಿ. ಒಂದರಿಂದ ನಾಲ್ಕು ವರ್ಷದ ಮಕ್ಕಳ ಮೊಣಕೈ ಕೀಲು ಇನ್ನೂ ಸಡಿಲ. ಕೈ ಹಿಡಿದು ಮೇಲಕ್ಕೆತ್ತಿದರೆ, ಇಬ್ಬರು ಎರಡು ಕೈ ಹಿಡಿದು ಉಯ್ಯಾಲೆ ಆಡಿಸಿದರೆ, ರಸ್ತೆಯಲ್ಲಿ ಹಟ ಮಾಡುವ ಕೂಸನ್ನು ಕೈ ಹಿಡಿದು ಎಳೆದರೆ, ಮೊಣಕೈಯ ಮೂಳೆ ತನ್ನ ಪಟ್ಟಿಯಿಂದ ಜಾರುತ್ತದೆ. ಕೂಸು ಆ ಕೈ ಆಡಿಸುವುದಿಲ್ಲ, ಜೋತುಬಿಟ್ಟುಕೊಂಡು ಇರುತ್ತದೆ. ಉಳುಕು ತೆಗೆಯುವವರ ಹತ್ತಿರ ಹೋಗಬೇಡಿ, ತಿಕ್ಕಬೇಡಿ. ಡಾಕ್ಟರು ಇದನ್ನು ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ. ಬಿದ್ದು ಬಾವು ಬಂದಿದ್ದರೆ ಮೂಳೆ ಮುರಿದಿರಲೂಬಹುದು, ಎಕ್ಸ್‌ರೇ ಬೇಕಾಗುತ್ತದೆ.

ಗಾಳಿಯಲ್ಲಿ ಎಸೆದು ಹಿಡಿಯುವ ಆಟವೂ ಬೇಡ. ಅಳು ನಿಲ್ಲದೆ ನಿಮಗೆ ತಾಳ್ಮೆ ತಪ್ಪುತ್ತಿದೆ ಅನ್ನಿಸಿದರೆ ಕೂಸನ್ನು ಸುರಕ್ಷಿತ ಜಾಗದಲ್ಲಿ ಮಲಗಿಸಿ, ಐದು ನಿಮಿಷ ಪಕ್ಕಕ್ಕೆ ಹೋಗಿ ಬನ್ನಿ. ಜೋರಾಗಿ ಅಲ್ಲಾಡಿಸಿದರೆ ಕೂಸಿನ ಮಿದುಳಿಗೆ ಪೆಟ್ಟಾಗುತ್ತದೆ.

ಬಾಣಂತಿಯರಿಗೆ

ಬಸುರಿಯಲ್ಲಿ ಸಡಿಲವಾದ ಕೀಲುಪಟ್ಟಿಗಳು ಹೆರಿಗೆಯಾದ ಕೂಡಲೇ ಬಿಗಿಯಾಗುವುದಿಲ್ಲ, ತಿಂಗಳುಗಳು ಬೇಕು. ಹೊಟ್ಟೆಯ ಸ್ನಾಯುಗಳ ನಡುವೆ ಬಿರುಕು ಬಿಟ್ಟಿರಲೂಬಹುದು. ಸಿಸೇರಿಯನ್ ಆದವರು ಮೊದಲ ಆರು ವಾರ ಕೂಸಿಗಿಂತ ಭಾರದ್ದೇನೂ ಎತ್ತಬಾರದು, ಅಂದರೆ ನೀರಿನ ಬಕೆಟ್ಟು ಇಲ್ಲ, ದೊಡ್ಡ ಮಗುವೂ ಇಲ್ಲ. ದೊಡ್ಡ ಮಗು ಹಟ ಮಾಡಿದರೆ ನೀವು ಕೂತಿರುವಾಗ ಪಕ್ಕಕ್ಕೆ ಬಂದು ಕೂರಲಿ. ಹೊಟ್ಟೆಗೆ ಬಟ್ಟೆ ಕಟ್ಟುವುದು ಹಿತ ಅನ್ನಿಸಿದರೆ ಹಗುರಾಗಿ ಕಟ್ಟಿ, ಬಿಗಿದರೆ ಒತ್ತಡ ಕೆಳಗೆ ಬೀಳುತ್ತದೆ. ಎತ್ತುವಾಗ ಅಥವಾ ಕೆಮ್ಮುವಾಗ ಮೂತ್ರ ಜಿನುಗುತ್ತಿದ್ದರೆ ನಾಚಿಕೊಂಡು ಸುಮ್ನೆ ಇರಬೇಡಿ. ಅದಕ್ಕೆ ವ್ಯಾಯಾಮ ಇದೆ, ಕಡಿಮೆಯಾಗುತ್ತದೆ.

ಅಂಗನವಾಡಿ, ಕೂಸಿನ ಮನೆಯಲ್ಲಿ

ಇಲ್ಲಿ ಉಪಾಯ ಒಂದೇ, ಎತ್ತುವ ಸಲಗಳನ್ನು ಕಡಿಮೆ ಮಾಡುವುದು. ಕೈ ತೊಳೆಯುವ ನಲ್ಲಿಯ ಮುಂದೆ ಅಲುಗದ ಗಟ್ಟಿ ಮೆಟ್ಟಿಲು ಹಾಕಿಸಿ, ಮಕ್ಕಳೇ ಹತ್ತುತ್ತಾರೆ. ಊಟ ಮಾಡಿಸುವಾಗ ನಿಂತು ಬಾಗಬೇಡಿ, ಮಕ್ಕಳ ಮಟ್ಟಕ್ಕೆ ಮಣೆ ಹಾಕಿ ಕೂರಿ. ತೂಕ ನೋಡುವ ದಿನ ಒಂದರ ಹಿಂದೊಂದು ಮಕ್ಕಳನ್ನು ಎತ್ತಬೇಕಾಗುತ್ತದೆ, ಕಾರ್ಯಕರ್ತೆ ಮತ್ತು ಸಹಾಯಕಿ ಐದೈದು ಮಕ್ಕಳಿಗೆ ಕೆಲಸ ಬದಲಿಸಿಕೊಳ್ಳಿ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಸಾಮಾನ್ಯ ಟೊಂಕನೋವಿಗೆ ಹಾಸಿಗೆ ಹಿಡಿಯಬಾರದು. ಒಂದೆರಡು ದಿನ ಭಾರ ಬಿಟ್ಟು, ಆಗುವಷ್ಟು ಓಡಾಡಿ. ಆದರೆ ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ತೊಡೆಯ ಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಇದ್ದರೂ ತಡ ಮಾಡಬೇಡಿ. ನೋವು ಮಂಡಿ ದಾಟಿ ಕೆಳಗಿಳಿಯುತ್ತಿದ್ದರೆ ಆ ವಾರದೊಳಗೆ ತೋರಿಸಿ.

ಮನೆಯವರಿಗೆ ಕಲಿಸುವುದು

ಕೊನೆಗೆ ಕಷ್ಟದ ಭಾಗ. ಅತ್ತೆಗೆ ಹೋಗಿ "ನೀವು ಎತ್ತೋದು ತಪ್ಪು" ಅಂದರೆ "ನಾವೇನ್ ಮಕ್ಕಳನ್ನ ಬೆಳಸಿಲ್ಲೇನು?" ಅನ್ನುತ್ತಾರೆ, ಅದು ಸರಿಯಾದ ಮಾತೇ. ತಪ್ಪು ತೋರಿಸಬೇಡಿ. "ಅತ್ತೀ, ತುಂಬಿದ ಕೊಡ ಹೆಂಗ ಎತ್ತತೀರಿ, ಒಂದ್ ಸಲ ತೋರಸ್ರಿ" ಅಂತ ಕೇಳಿ. ಅವರು ತೋರಿಸುತ್ತಾರೆ, ಚೆನ್ನಾಗಿಯೇ ತೋರಿಸುತ್ತಾರೆ. ಅದೇ ಜಾಗದಲ್ಲಿ ಜೋಳದ ಗಂಟು ಇಡಿ. "ಈಗ ಇದನ್ನ ಹಂಗs ಎತ್ರಿ" ಅನ್ನಿ. ಮೂರನೆಯ ಸಲಕ್ಕೆ ಕೂಸು.

ಒಂದು ದಿನಕ್ಕೆ ಒಂದೇ ವಿಷಯ ತಿದ್ದಿ. ಮೊದಲ ದಿನ ಪಾದ ಹತ್ತಿರ ಬರುವುದು. ಎರಡನೇ ದಿನ ತೊಡೆಯ ಮೇಲೆ ಕೂರಿಸುವುದು. ಹೆಬ್ಬೆರಳು, ಉಸಿರು ಆಮೇಲೆ. ಎಲ್ಲ ಒಟ್ಟಿಗೆ ಹೇಳಿದರೆ ಯಾವುದೂ ನಿಲ್ಲುವುದಿಲ್ಲ.

ವಾರ ಕಳೆದ ಮೇಲೆ ಏನೂ ಹೇಳದೆ ದೂರದಿಂದ ನೋಡಿ. ಕೂಸು ಅತ್ತಾಗ ಅವರ ಕೈ ಮೊದಲು ಮುಂದೆ ಹೋಗುತ್ತದೋ, ಕಾಲೋ? ಕಾಲು ಮೊದಲು ಹೋದರೆ ರೂಢಿಯಾಗಿದೆ. ಕೈ ಮೊದಲು ಹೋದರೆ ಇನ್ನೂ ಮೂರು ದಿನ ಜೋಳದ ಗಂಟು ಎತ್ತಿಸಿ.